ನಿಮಗಿದು ಗೊತ್ತೇ? ಕಿವಿ ಒಪ್ಪಿದ ಮ್ಯಾಂಡೊಲಿನ್, ಕೈ ಒಪ್ಪದ ಮ್ಯಾಂಡೊಲಿನ್

ಎರಡು ಮ್ಯಾಂಡೊಲಿನ್ ಮುಂದಿವೆ. ಒಂದರ ನಾದ ಕಿವಿಗೆ ಹಿಡಿಸಿದೆ, ಇನ್ನೊಂದರ ನೆಕ್ ಅಂಗೈಗೆ ಹಿಡಿಸಿದೆ. ದುಡ್ಡು ಒಂದಕ್ಕೇ ಸಾಲುವಷ್ಟು. ಈ ಪೇಚಿಗೆ ಸಿಕ್ಕವರು ಸಾಮಾನ್ಯವಾಗಿ ಕಿವಿಯ ಮಾತು ಕೇಳುತ್ತಾರೆ. ನಾನೂ ಕೇಳಿದ್ದೆ. ಆ ವಾದ್ಯ ಆರೇ ತಿಂಗಳಿಗೆ ಗೋಡೆಯ ಮೊಳೆ ಸೇರಿತು. ನಾದ ಆಗಲೂ ಸೊಗಸಾಗಿತ್ತು, ಮನೆಗೆ ಬಂದವರು ಮೀಟಿದಾಗ. ಅಂಗಡಿಗೆ ಹೋಗುವ ಮೊದಲು ತಿಳಿದಿದ್ದರೆ ಚೆನ್ನಾಗಿತ್ತು ಅನ್ನಿಸಿದ ಸಂಗತಿಗಳು ಇಲ್ಲಿವೆ. ಕೆಲವು ಕೈಗೆ ಸಂಬಂಧಿಸಿದ್ದು, ಕೆಲವು ಕಿವಿಗೆ, ಕೆಲವು ಬರೀ ಕುತೂಹಲಕ್ಕೆ.

ಮ್ಯಾಂಡೊಲಿನ್ ಎಂಬ ಹೆಸರಿನೊಳಗೆ ಬಾದಾಮಿ ಇದೆ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲ, ತಿನ್ನುವ ಬಾದಾಮಿ. ಇಟಲಿಯ ಭಾಷೆಯಲ್ಲಿ ಅದಕ್ಕೆ ಮಾಂಡೊರ್ಲಾ. ಬಾದಾಮಿ ಬೀಜದಂಥ ಒಡಲಿನ ವಾದ್ಯ ಮಂಡೋಲಾ, ಅದರ ಪುಟ್ಟ ತಮ್ಮ ಮಂಡೋಲಿನೊ.

ಎಂಟು ತಂತಿ, ಆದರೆ ಲೆಕ್ಕಕ್ಕೆ ನಾಲ್ಕೇ. ಎರಡೆರಡು ತಂತಿ ಜೋಡಿಯಾಗಿ ಒಂದೇ ಸ್ವರಕ್ಕೆ ಶ್ರುತಿಯಾಗಿರುತ್ತವೆ. ಕೆಳಗಿನಿಂದ ಜಿ, ಡಿ, ಎ, ಇ. ಪಾಶ್ಚಾತ್ಯ ವಯೊಲಿನ್ನಿನದೂ ಇದೇ ಶ್ರುತಿ. ಆದ್ದರಿಂದ ವಯೊಲಿನ್ನಿಗೆಂದು ಬಾಕ್ ಬರೆದದ್ದನ್ನು ಮ್ಯಾಂಡೊಲಿನ್ನಿನಲ್ಲಿ ಒಂದು ಸ್ವರವನ್ನೂ ಬದಲಿಸದೆ ನುಡಿಸಬಹುದು. ಅಮೆರಿಕದ ಕ್ರಿಸ್ ಥೀಲಿ 2013ರಲ್ಲಿ ಅಂಥದೇ ಒಂದು ಇಡೀ ಆಲ್ಬಮ್ ತಂದರು. ನಮ್ಮ ಕರ್ನಾಟಕ ಸಂಗೀತದ ಪಿಟೀಲಿನವರು ಮಾತ್ರ ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಳ್ಳುವುದರಿಂದ, ಅವರ ಕೈಗೆ ಮ್ಯಾಂಡೊಲಿನ್ ಕೊಟ್ಟರೆ ಮೊದಲು ಬಿರಡೆ ತಿರುಗಿಸುತ್ತಾರೆ.

ಇಷ್ಟು ಪುಟ್ಟ ವಾದ್ಯದ ಮೇಲೆ ಎಂಟು ತಂತಿಗಳೂ ಸೇರಿ ಹಾಕುವ ಎಳೆತ ಎಷ್ಟು? ಸಾಮಾನ್ಯ ದಪ್ಪದ ತಂತಿ ಹಾಕಿದರೆ ಸುಮಾರು 80 ಕಿಲೋ. 25 ಕಿಲೋದ ಮೂರು ಅಕ್ಕಿ ಮೂಟೆಯನ್ನು ಅದರ ನೆಕ್ ಇಡೀ ದಿನ ಹೊತ್ತುಕೊಂಡಿರುತ್ತದೆ, ನೀವು ನುಡಿಸಲಿ ಬಿಡಲಿ. ಬೆರಳ ತುದಿ ಮೊದಲ ವಾರ ಯಾಕೆ ಉರಿಯುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೊಟ್ಟೆ ದುಂಡಗಿರುವ ಮ್ಯಾಂಡೊಲಿನ್ ನೇಪಲ್ಸ್ ನಗರದ್ದು. ಅಲ್ಲಿಯ ವಿನಾಚಿಯಾ ಮನೆತನ 18ನೇ ಶತಮಾನದಲ್ಲೇ ಇದಕ್ಕೆ ಹೆಸರಾಗಿತ್ತು. ಅದೇ ಮನೆತನದ ಪಾಸ್ಕ್ವಾಲೆ ವಿನಾಚಿಯಾ 19ನೇ ಶತಮಾನದಲ್ಲಿ ಉಕ್ಕಿನ ತಂತಿಗೆ ತಡೆಯುವಂತೆ ವಾದ್ಯವನ್ನು ಗಟ್ಟಿ ಮಾಡಿದ. ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಆ ಬೆನ್ನು ಅಮೆರಿಕದವರ ಕಣ್ಣಿಗೆ ಪಟ್ಟೆಪಟ್ಟೆ ಮೈಯ ಆಲೂಗಡ್ಡೆ ಹುಳುವಿನಂತೆ ಕಂಡು, ಅದೇ ಅಡ್ಡಹೆಸರಾಯಿತು. ಇದರ ನಾದ ಬೆಳ್ಳಿ ಗೆಜ್ಜೆಯಂಥದು, ತೆಳು ಮತ್ತು ಚುರುಕು. ವಿವಾಲ್ಡಿ ಕನ್ಸರ್ಟೋ ಬರೆದದ್ದು, ಮೊಜಾರ್ಟ್ ತನ್ನ 1787ರ ‘ಡಾನ್ ಜೊವಾನ್ನಿ’ಯಲ್ಲಿ ಕಿಟಕಿಯ ಕೆಳಗೆ ನಿಂತು ಹಾಡುವವನ ಜೊತೆಗೆ ನುಡಿಸಿದ್ದು, ಬೀಥೋವನ್ 1796ರಲ್ಲಿ ಪ್ರಾಗ್‌ನಲ್ಲಿದ್ದಾಗ ಕೆಲವು ಪುಟ್ಟ ರಚನೆ ಮಾಡಿದ್ದು, ಎಲ್ಲವೂ ಇಂಥ ಹಳೆಯ ಇಟಲಿಯ ಜಾತಿಯ ವಾದ್ಯಗಳಿಗೆ. ತೊಂದರೆ ಒಂದೇ. ತೊಡೆಯ ಮೇಲಿಟ್ಟರೆ ಕಲ್ಲಂಗಡಿ ಹಣ್ಣಿನಂತೆ ಜಾರುತ್ತದೆ.

ಪಿಟೀಲಿಗೆ ದೇವರಂಥ ಸ್ಟ್ರಾಡಿವಾರಿ ಮ್ಯಾಂಡೊಲಿನ್ನನ್ನೂ ಮಾಡಿದ್ದ. ಉಳಿದಿರುವುದು ಬೆರಳೆಣಿಕೆ. 1680ರದ್ದೊಂದು ಅಮೆರಿಕದ ಸೌತ್ ಡಕೋಟಾ ರಾಜ್ಯದ ವರ್ಮಿಲಿಯನ್ ಊರಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಜಾರದ ಮ್ಯಾಂಡೊಲಿನ್ ಬಂದದ್ದು ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಿಂದ. ಓರ್ವಿಲ್ ಗಿಬ್ಸನ್ ಎಂಬಾತ ಪಿಟೀಲಿನ ಹಾಗೆ ಮರವನ್ನು ಕೆತ್ತಿ ಉಬ್ಬಿಸಿ ಮುಖವನ್ನೂ ಬೆನ್ನನ್ನೂ ಮಾಡಿದ. 1898ರಲ್ಲಿ ಪೇಟೆಂಟ್ ಸಿಕ್ಕಿತು. 1902ರಲ್ಲಿ ಅವನ ಹೆಸರಿನ ಕಂಪನಿ ಹುಟ್ಟಿತು. ಇಂದು ಅಂಗಡಿಯಲ್ಲಿ ನೀವು ಎತ್ತಿಕೊಳ್ಳುವ ದುಂಡು ಹೊಟ್ಟೆಯಿಲ್ಲದ ಮ್ಯಾಂಡೊಲಿನ್‌ಗಳಲ್ಲಿ ಹೆಚ್ಚಿನವು ಈ ವಂಶದವೇ.

ಇನ್ನು ನಾದದ ಮಾತು. ಮ್ಯಾಂಡೊಲಿನ್ನಿನ ಮುಖದ ಮೇಲಿನ ತೂತು ನೋಡಿಯೇ ಅದರ ದನಿಯನ್ನು ಅರ್ಧ ಊಹಿಸಬಹುದು ಎಂಬುದು ಗೊತ್ತೇ? ನಡುವೆ ಮೊಟ್ಟೆಯಾಕಾರದ ಒಂದೇ ತೂತಿದ್ದರೆ ನಾದ ಬೆಚ್ಚಗೆ, ಉದ್ದಕ್ಕೆ ಉಳಿಯುತ್ತದೆ. ಒಬ್ಬರೇ ಕೂತು ನುಡಿಸಲು, ಹಾಡಿನ ಹಿಂದೆ ಹರಿಯಲು ಹಿತ. ಪಿಟೀಲಿಗಿರುವಂತೆ ಎರಡು ಕಡೆ ‘ಎಫ್’ ಅಕ್ಷರದ ಸೀಳು ಇದ್ದರೆ ದನಿ ಒಣಗಿರುತ್ತದೆ, ಚುಚ್ಚುತ್ತದೆ, ಬ್ಯಾಂಜೊ ಪಿಟೀಲುಗಳ ಗದ್ದಲವನ್ನೂ ಸೀಳಿಕೊಂಡು ಹಿಂದಿನ ಸಾಲಿಗೆ ಮುಟ್ಟುತ್ತದೆ. ಯಾವುದು ಮೇಲು ಎಂದು ಕೇಳಬೇಡಿ. ಚಹಾ ಮೇಲೋ ಕಾಫಿ ಮೇಲೋ ಎಂದು ಚಿಕ್ಕಮಗಳೂರಿನಲ್ಲಿ ಕೇಳಿದ ಹಾಗಾಗುತ್ತದೆ.

‘ಎಫ್’ ಸೀಳನ್ನು ಮ್ಯಾಂಡೊಲಿನ್ನಿಗೆ ತಂದ ಖ್ಯಾತಿ ಗಿಬ್ಸನ್ ಕಂಪನಿಯಲ್ಲಿ 1919ರಿಂದ 1924ರವರೆಗೆ ಇದ್ದ ಲಾಯ್ಡ್ ಲೋರ್ ಹೆಸರಿಗಿದೆ. 1922ರಲ್ಲಿ ಬಂದ ಎಫ್-5 ಅವನ ಕಾಲದ್ದು. ಸೀಳು ತೂತೊಂದೇ ಅಲ್ಲ, ನೆಕ್‌ನಲ್ಲೂ ದೊಡ್ಡ ಬದಲಾವಣೆಯಾಯಿತು. ಹಿಂದಿನ ಎಫ್-4ನಲ್ಲಿ ಒಡಲಿನ ಹೊರಗೆ 12 ಫ್ರೆಟ್ (ಸ್ವರದ ಮನೆ ಗುರುತಿಸುವ ಅಡ್ಡಪಟ್ಟಿ) ಇದ್ದರೆ ಇದರಲ್ಲಿ 15. ನೆಕ್ ಹೊರಕ್ಕೆ ಸರಿದಂತೆ ತಂತಿಗಳನ್ನು ಹೊರುವ ಕುದುರೆಯೂ ಮುಖದ ನಡುಭಾಗಕ್ಕೆ ಬಂತು. ಮೇಲಿನ ಸ್ವರಗಳಿಗೆ ಕೈ ಚಾಚುವುದು ಸಲೀಸಾಯಿತು, ದನಿಯೂ ಬದಲಾಯಿತು. ನೆಕ್ ಒಂದು ಕಡೆ, ನಾದ ಒಂದು ಕಡೆ ಎಂದು ನಾವು ವಿಂಗಡಿಸುತ್ತೇವೆ. ಮಾಡುವವನಿಗೆ ಅವೆರಡೂ ಒಂದೇ ಮರದ ಎರಡು ತುದಿ.

ತಮಾಷೆಯೆಂದರೆ ಎಫ್-5 ಆಗ ಓಡಲೇ ಇಲ್ಲ. ಲೋರ್ ಕಂಪನಿ ಬಿಟ್ಟ. ಅವನ ಸಹಿಯ ಚೀಟಿ ಅಂಟಿಸಿದ ಆ ಕಾಲದ ಮ್ಯಾಂಡೊಲಿನ್‌ಗಳು ಈಗ ಲಕ್ಷ ಡಾಲರಿಗೂ ಮೇಲೆ ಬಿಕರಿಯಾಗಿವೆ.

ಆ ಬೆಲೆಗೆ ಕಾರಣನಾದವನು ಕೆಂಟಕಿಯ ಬಿಲ್ ಮನ್ರೋ, ಬ್ಲೂಗ್ರಾಸ್ ಸಂಗೀತದ ಜನಕ. 1940ರ ದಶಕದಲ್ಲಿ ಫ್ಲಾರಿಡಾದ ಒಂದು ಕ್ಷೌರದಂಗಡಿಯ ಕಿಟಕಿಯಲ್ಲಿ ಹಳೆಯ ಮ್ಯಾಂಡೊಲಿನ್ ಮಾರಾಟಕ್ಕಿತ್ತು. ಬೆಲೆ 150 ಡಾಲರ್. ಮನ್ರೋ ಕೊಂಡ. ಒಳಗಿನ ಚೀಟಿಯಲ್ಲಿ ಲೋರ್ ಸಹಿ, 1923ರ ಜುಲೈ 9ರ ತಾರೀಖು. ಮುಂದೆ 50 ವರ್ಷ ಅವನ ಕೈಯಲ್ಲಿದ್ದದ್ದು ಅದೇ. ಒಮ್ಮೆ ರಿಪೇರಿಗೆ ಕಂಪನಿಗೆ ಕಳಿಸಿದ್ದು ತಾನು ಹೇಳಿದಂತೆ ಆಗಿ ಬರಲಿಲ್ಲವೆಂದು ಸಿಟ್ಟಾಗಿ, ತಲೆಯ ಮೇಲಿನ ‘ಗಿಬ್ಸನ್’ ಎಂಬ ಹೆಸರನ್ನು ಚಾಕುವಿನಿಂದ ಕೆತ್ತಿ ತೆಗೆದ. ಅದರ ಹಿಂದಿನ ‘ದಿ’ ಮಾತ್ರ ಉಳಿಯಿತು. ರಾಜಿಯಾಗಿ ಹೆಸರು ಮತ್ತೆ ಕೂತದ್ದು 1980ರಲ್ಲಿ. 1985ರಲ್ಲಿ ಯಾರೋ ಮನೆಗೆ ನುಗ್ಗಿ, ಬೆಂಕಿಗೂಡಿನ ಸಲಾಕೆಯಿಂದ ಅದನ್ನು ಜಜ್ಜಿ ಹಾಕಿದರು. ಗಿಬ್ಸನ್‌ನ ಚಾರ್ಲಿ ಡೆರಿಂಗ್ಟನ್ ಚೂರುಚೂರನ್ನೂ ಹೆಕ್ಕಿ, ಭೂತಗನ್ನಡಿ ಹಿಡಿದವನಂತೆ ಕೂತು ಅಂಟಿಸಿ, ಕೆಲವು ತಿಂಗಳಲ್ಲಿ ಮತ್ತೆ ನುಡಿಯುವಂತೆ ಮಾಡಿದ. ಈಗ ಅದು ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿದೆ.

ಮನ್ರೋನ ಸಂಗೀತದಲ್ಲಿ ಡ್ರಮ್ ಇರಲಿಲ್ಲ, ಅದರ ಕೆಲಸ ಮ್ಯಾಂಡೊಲಿನ್ನಿನದೇ. ತಾಳದ ಎರಡನೆಯ ಪೆಟ್ಟಿಗೆ ನಾಲ್ಕೂ ಜೋಡಿಯನ್ನು ಮೀಟಿ ತಕ್ಷಣ ಎಡಗೈ ಸಡಿಲಿಸಿದರೆ ‘ಚಕ್’ ಎಂಬ ಒಣ ಸದ್ದು ಬರುತ್ತದೆ. ಅದಕ್ಕೆ ‘ಚಾಪ್’ ಎಂದು ಹೆಸರು. ಬ್ಲೂಗ್ರಾಸ್‌ನವರು ಮ್ಯಾಂಡೊಲಿನ್ ಕೊಳ್ಳುವಾಗ ಮೊದಲು ನೋಡುವುದು ಈ ಚಕ್ ಸದ್ದನ್ನು, ರಾಗವನ್ನಲ್ಲ. ಇಂಪಾಗಿ ಗುಂಯ್‌ಗುಡುವ ಮ್ಯಾಂಡೊಲಿನ್ ಅವರಿಗೆ ಬೇಡ. ಒಳ್ಳೆಯ ನಾದ ಎಂದರೇನು ಎಂಬುದು ಯಾವ ಕೆಲಸಕ್ಕೆ ಎಂಬುದರ ಮೇಲಿದೆ.

ಕೆಲವು ಮ್ಯಾಂಡೊಲಿನ್ನುಗಳ ಒಡಲಿನ ಮೇಲೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಆ ಚೆಂದದ ಸುರುಳಿ ಇದೆಯಲ್ಲ, ಅದು ನಾದಕ್ಕೆ ಏನು ಕೊಡುತ್ತದೆ? ಹೆಚ್ಚೇನೂ ಇಲ್ಲ. ಸುರುಳಿಯಿರುವ ‘ಎಫ್’ ಮಾದರಿಯನ್ನೂ ಸುರುಳಿಯಿಲ್ಲದ ‘ಎ’ ಮಾದರಿಯನ್ನೂ ಒಬ್ಬನೇ ಒಂದೇ ಮರದಲ್ಲಿ ಒಂದೇ ಬಗೆಯ ತೂತಿಟ್ಟು ಮಾಡಿದರೆ, ಕಣ್ಣು ಮುಚ್ಚಿ ಕೇಳುವವರಿಗೆ ಬೇರ್ಪಡಿಸುವುದು ಬಲು ಕಷ್ಟ. ಬೆಲೆ ಮಾತ್ರ ಎಷ್ಟೋ ಸಲ ದುಪ್ಪಟ್ಟು, ಯಾಕೆಂದರೆ ಆ ಸುರುಳಿ ಕೆತ್ತಲು ದಿನಗಟ್ಟಲೆ ಕೆಲಸ. ‘ಎಫ್’ ಪರವಾಗಿ ಹೇಳಬಹುದಾದದ್ದು: ಕೂತು ನುಡಿಸುವಾಗ ಅದರ ಕೆಳಗಿನ ಮೂಲೆ ತೊಡೆಗೆ ಆನಿಕೊಂಡು ನಿಲ್ಲುತ್ತದೆ, ಸುರುಳಿಗೆ ಪಟ್ಟಿ ಸಿಕ್ಕಿಸಬಹುದು. ಕೈಲಿ ಹಿಡಿದು ಕನ್ನಡಿ ಮುಂದೆ ನಿಂತರೆ ಚೆನ್ನಾಗಿ ಕಾಣುತ್ತೀರಿ ಎಂಬುದೂ ಸುಳ್ಳಲ್ಲ.

ಮರದ ವಿಚಾರ ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಅಂಗಡಿಯವರೇ ಬೇಕಾದಷ್ಟು ಹೇಳುತ್ತಾರೆ. ಮುಖಕ್ಕೆ ಸ್ಪ್ರೂಸ್, ಬೆನ್ನಿಗೆ ಮತ್ತು ಪಕ್ಕಕ್ಕೆ ಮೇಪಲ್ ಎಂಬುದು ವಾಡಿಕೆ. ಬೆನ್ನಿಗೆ ಮಹಾಗನಿ ಬಂದರೆ ದನಿ ಮೆದುವಾಗುತ್ತದೆ. ಪದರ ಪದರವಾಗಿ ಒತ್ತಿದ ಪ್ಲೈವುಡ್ ಮುಖವಾದರೆ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ತೂತಿನ ಅಂಚಿನಲ್ಲಿ ಇಣುಕಿದರೆ ಪದರಗಳು ಕಾಣುತ್ತವೆ.

ಕಿವಿಯನ್ನು ಎಷ್ಟು ನಂಬಬಹುದು? ಸಂಶೋಧಕಿ ಕ್ಲೋಡಿಯಾ ಫ್ರಿಟ್ಜ್ ಮತ್ತು ಜೊತೆಗಾರರು 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ನುರಿತ ವಯೊಲಿನ್ ವಾದಕರನ್ನು ಒಬ್ಬೊಬ್ಬರನ್ನಾಗಿ ಮಬ್ಬುಗತ್ತಲ ಕೋಣೆಗೆ ಕರೆದು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಆರು ವಾದ್ಯ ಕೊಟ್ಟರು. ಮೂರು ಹೊಸವು, ಮೂರು ಸ್ಟ್ರಾಡಿವಾರಿ, ಗ್ವಾರ್ನೆರಿ ಎಂಬ ಹಳೆಯ ಪಿಟೀಲು ತಯಾರಕರ ಕಾಲದವು. ಹಳೆಯ ಮರದ ವಾಸನೆ ಗುಟ್ಟು ಬಿಟ್ಟುಕೊಡದಿರಲೆಂದು ಗದ್ದ ಊರುವ ಜಾಗಕ್ಕೆ ಸುಗಂಧ ಸವರಿದ್ದರು. ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸ ವಾದ್ಯ, ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವಾರಿ. ಇದು ಪಿಟೀಲಿನ ಕಥೆ, ನಿಜ. ಆದರೆ ಮ್ಯಾಂಡೊಲಿನ್ ಕೊಳ್ಳಲು ಹೊರಟವರು ಬೆಲೆಯ ಚೀಟಿ ತಿರುಗಿಸಿಟ್ಟು ಕೇಳುವುದಕ್ಕೆ ಇಷ್ಟು ಸಾಕು.

ನೀವು ನುಡಿಸುವಾಗ ನಿಮಗೆ ಕೇಳುವ ನಾದ ಬೇರೆ, ಎದುರಿಗೆ ಕೂತವರಿಗೆ ಕೇಳುವ ನಾದ ಬೇರೆ. ದನಿ ಮುಂದಕ್ಕೆ ಹೋಗುತ್ತದೆ, ನಿಮ್ಮ ಕಿವಿ ಮೇಲೆ, ಪಕ್ಕದಲ್ಲಿದೆ. ಆದ್ದರಿಂದ ಸ್ನೇಹಿತರೊಬ್ಬರನ್ನು ಕರೆದೊಯ್ದು ಅವರಿಂದ ಎರಡನ್ನೂ ನುಡಿಸಿ, ಬೆನ್ನು ತಿರುಗಿಸಿ ನಿಂತು ಕೇಳಿ. ಒಬ್ಬರೇ ಹೋದರೆ ಗೋಡೆಗೆ ಮುಖ ಮಾಡಿ ಒಂದು ಮಾರು ದೂರದಲ್ಲಿ ಕೂತು ನುಡಿಸಿ. ಗೋಡೆ ನಿಮ್ಮ ನಾದವನ್ನು ನಿಮಗೇ ಹಿಂದಿರುಗಿಸುತ್ತದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಇನ್ನೊಂದು ಮೋಸ ತಂತಿಯದು. ಒಂದಕ್ಕೆ ಹೊಸ ತಂತಿ, ಇನ್ನೊಂದಕ್ಕೆ ವರ್ಷದಿಂದ ಕಿಲುಬು ಹಿಡಿದ ತಂತಿ ಇದ್ದರೆ ನೀವು ಹೋಲಿಸುತ್ತಿರುವುದು ತಂತಿಯನ್ನು, ವಾದ್ಯವನ್ನಲ್ಲ. ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿಸಿ ಕೇಳಿ. ದುಡ್ಡು ನೀವೇ ಕೊಡುವುದಾದರೆ ಒಲ್ಲೆ ಎನ್ನುವವರು ಕಡಿಮೆ.

ಪಿಕ್ ಕೂಡ ಹಾಗೆಯೇ. ತೆಳುವಾದ ಗಿಟಾರ್ ಪಿಕ್‌ನಿಂದ ಮೀಟಿದರೆ ಎಂಥ ಮ್ಯಾಂಡೊಲಿನ್ನೂ ತಗಡಿನ ಸದ್ದು ಮಾಡುತ್ತದೆ. ಒಂದೂವರೆ ಮಿಲಿಮೀಟರ್ ಆಸುಪಾಸಿನ ದಪ್ಪ, ಮೂಲೆ ದುಂಡಗಿರುವ ಪಿಕ್‌ನಿಂದ ಅದೇ ವಾದ್ಯ ಬೇರೆಯೇ ದನಿ ತೆಗೆಯುತ್ತದೆ. ಹಿಂದೆ ಕಡಲಾಮೆಯ ಚಿಪ್ಪಿನ ಪಿಕ್‌ಗೆ ಎಲ್ಲಿಲ್ಲದ ಬೇಡಿಕೆಯಿತ್ತು. 1970ರ ದಶಕದಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಹತ್ತು ಸಾವಿರ ಹೆಚ್ಚು ಕೊಟ್ಟು ಬೇರೆ ವಾದ್ಯ ತರುವ ಮೊದಲು ನೂರಿನ್ನೂರು ರೂಪಾಯಿಯ ಪಿಕ್ ಬದಲಿಸಿ ನೋಡುವುದು ಜಾಣತನ.

ನಾದವನ್ನು ಹೀಗೆ ಅಷ್ಟಿಷ್ಟು ತಿದ್ದಿಕೊಳ್ಳಬಹುದು. ನೆಕ್‌ನ ಆಕಾರವನ್ನು? ರಂದ ಹಾಕಿ ಹೆರೆಯಬೇಕು. ಕೈಯ ಮಾತನ್ನು ಮೊದಲು ಕೇಳಬೇಕೆಂದು ನಾನು ವಾದಿಸುವುದು ಈ ಒಂದೇ ಕಾರಣಕ್ಕೆ.

ಮ್ಯಾಂಡೊಲಿನ್‌ನ ನೆಕ್ ತಲೆಯ ಹತ್ತಿರ, ತಂತಿಗಳು ಹಾದುಹೋಗುವ ನಟ್ ಎಂಬ ಪುಟ್ಟ ಪಟ್ಟಿಯ ಬಳಿ, ಎಷ್ಟು ಅಗಲ? ರೂಢಿಯಲ್ಲಿರುವುದು ಎರಡು ಅಳತೆ: 28.6 ಮಿ.ಮೀ. ಮತ್ತು 30.2 ಮಿ.ಮೀ. ವ್ಯತ್ಯಾಸ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು. ಇಷ್ಟಕ್ಕೇ ಏನಾದೀತು ಎನ್ನುತ್ತೀರಾ? ಎಂಟು ತಂತಿಯನ್ನು ಮೂರು ಸೆಂಟಿಮೀಟರಿನೊಳಗೆ ಜೋಡಿಸಿದ ಮೇಲೆ, ಬೆರಳು ಪಕ್ಕದ ಜೋಡಿಗೆ ತಾಕಿ ಅದನ್ನು ಮೂಕ ಮಾಡುತ್ತದೋ ಇಲ್ಲವೋ ಎಂಬುದನ್ನು ಈ ನಾಣ್ಯವೇ ತೀರ್ಮಾನಿಸುತ್ತದೆ. ದಪ್ಪ ಬೆರಳಿನವರಿಗೆ, ಗಿಟಾರ್‌ನಿಂದ ಬಂದವರಿಗೆ ಅಗಲದ ನೆಕ್ ನೆಮ್ಮದಿ. ಸಪೂರ ಕೈಯವರಿಗೆ, ಹೆಬ್ಬೆರಳನ್ನು ಮೇಲಿನಿಂದ ಸುತ್ತಿ ಹಿಡಿಯುವವರಿಗೆ ಸಣ್ಣದು ಹಿತ.

ಅಗಲಕ್ಕಿಂತ ಗುಟ್ಟಾಗಿ ಕೆಲಸ ಮಾಡುವುದು ಬೆನ್ನಿನ ಆಕಾರ. ನೆಕ್ಕನ್ನು ಅಡ್ಡ ಕೊಯ್ದರೆ ಕೆಲವದರಲ್ಲಿ ಇಂಗ್ಲಿಷಿನ ‘ವಿ’ ಕಾಣುತ್ತದೆ, ಕೆಲವದರಲ್ಲಿ ‘ಸಿ’, ಹಳೆಯ ಕೆಲವದರಲ್ಲಿ ಮುಸಲದಂಥ ‘ಯು’. ‘ವಿ’ಯ ಏಣು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವೆಯಲ್ಲಿ ಕೂರುತ್ತದೆ, ಪಿಟೀಲು ಹಿಡಿಯುವವರ ಕೈಗೆ ಅದು ಪರಿಚಿತ ಜಾಗ. ಹೆಬ್ಬೆರಳನ್ನು ನೆಕ್‌ನ ಬೆನ್ನಿಗೆ ಊರುವ ಗಿಟಾರ್‌ನವರಿಗೆ ಅದೇ ಏಣು ಒತ್ತುತ್ತದೆ, ಅವರಿಗೆ ‘ಸಿ’ ಸುಖ. ತೆಳುವಾದ ನೆಕ್ ಸುಲಭ ಎಂಬುದು ಅರ್ಧ ಸತ್ಯ. ತೀರಾ ತೆಳುವಾದರೆ ಹಿಡಿಯಲು ಏನೂ ಸಿಗದೆ ಕೈ ಹಿಂಡಿಕೊಂಡು, ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ. ನನ್ನ ಗೋಡೆಯ ಮೇಲಿದ್ದದ್ದು ಇಂಥ ತೆಳುಗಾತಿ.

ಐದು ನಿಮಿಷದಲ್ಲಿ ಯಾವ ನೆಕ್ಕೂ ತನ್ನ ಗುಣ ಬಿಟ್ಟುಕೊಡುವುದಿಲ್ಲ. ಚಪ್ಪಲಿ ಅಂಗಡಿಯಲ್ಲಿ ಎರಡು ಹೆಜ್ಜೆ ಹಾಕಿದ ಹಾಗೆ ಅದು. ಪುರಂದರದಾಸರು ಹಾಕಿಕೊಟ್ಟರೆನ್ನುವ ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಒಂದು ಸುತ್ತು ನುಡಿಸಿ ಮುಗಿಸುವಷ್ಟರಲ್ಲಿ ಕೈ ನಿಜ ಹೇಳತೊಡಗುತ್ತದೆ.

ಬೆರಳು ಊರುವ ಪಟ್ಟಿ ಎಲ್ಲದರಲ್ಲೂ ಚಪ್ಪಟೆಯಲ್ಲ. ಹಳೆಯವು ಚಪ್ಪಟೆ, ಈಗಿನ ಹಲವು ಗಿಟಾರ್‌ನಂತೆ ಕಮಾನು. ಒಂದೇ ಬೆರಳಿನಿಂದ ಎರಡು ಜೋಡಿ ಒತ್ತುವಾಗ ಕಮಾನು ನೆರವಾಗುತ್ತದೆ.

ಮ್ಯಾಂಡೊಲಿನ್‌ನಲ್ಲಿ ತಂತಿಯ ನುಡಿಯುವ ಉದ್ದ ಸಾಮಾನ್ಯವಾಗಿ 35 ಸೆಂ.ಮೀ.; ವಯೊಲಿನ್‌ಗಿಂತ ತುಸು ಉದ್ದ, ಗಿಟಾರ್‌ನ ಅರ್ಧಕ್ಕಿಂತ ಚೂರು ಹೆಚ್ಚು. ಲೆಕ್ಕ ಹಾಕಿದರೆ ನಟ್‌ನಿಂದ ಮೊದಲ ಫ್ರೆಟ್‌ಗೆ ಸುಮಾರು 20 ಮಿ.ಮೀ., 12ನೆಯದರಿಂದ 13ನೆಯದಕ್ಕೆ 10 ಮಿ.ಮೀ.ಗೂ ಕಡಿಮೆ. ಅಂದರೆ ತಾರಸ್ಥಾಯಿಯಲ್ಲಿ ಬೆರಳಿಗಿಂತ ಮನೆ ಚಿಕ್ಕದು. ಕೆಳಗೆ ಜಾಗ ಇಷ್ಟು ಹತ್ತಿರವಿರುವುದರಿಂದಲೇ ಗಿಟಾರ್‌ನ ‘ಒಂದು ಬೆರಳು, ಒಂದು ಫ್ರೆಟ್’ ನಿಯಮ ಇಲ್ಲಿ ನಡೆಯುವುದಿಲ್ಲ. ಪಿಟೀಲಿನಂತೆ ಒಂದು ಬೆರಳು ಎರಡು ಫ್ರೆಟ್‌ಗಳ ಉಸ್ತುವಾರಿ ನೋಡುತ್ತದೆ.

ಫ್ರೆಟ್ ಪಟ್ಟಿಯ ಕೊನೆಯಲ್ಲಿ ಒಡಲಿನ ಮೇಲೆ ಚಾಚಿಕೊಂಡ ನಾಲಿಗೆಗೆ ಅಮೆರಿಕದವರು ‘ಫ್ಲಾರಿಡಾ’ ಎನ್ನುತ್ತಾರೆ. ನಕ್ಷೆಯಲ್ಲಿ ಆ ರಾಜ್ಯ ನೇತಾಡುವುದು ಹಾಗೆಯೇ. ಅಷ್ಟು ಮೇಲಿನ ಸ್ವರ ನುಡಿಸುವವರು ವಿರಳ, ಆದರೆ ಮೀಟುವಾಗ ಪಿಕ್ ಅದಕ್ಕೆ ಬಡಿದು ಟಕಟಕ ಎನ್ನುತ್ತದೆ. ಸಾವಿರಾರು ಡಾಲರ್ ವಾದ್ಯದ ಫ್ಲಾರಿಡಾವನ್ನು ಹೆರೆಸಿ ತಗ್ಗಿಸಿಕೊಂಡವರು ಬಹಳ ಮಂದಿ. ಅಂಗಡಿಯಲ್ಲಿ ಜೋರಾಗಿ ಮೀಟಿ ನೋಡಿ.

ಈಗ ನಿಜವಾದ ಅಪರಾಧಿಯ ಪತ್ತೆ. ‘ಈ ನೆಕ್ ನನಗೆ ಒಗ್ಗುವುದಿಲ್ಲ’ ಎಂದು ತಿರಸ್ಕರಿಸಿದ ಎಷ್ಟೋ ಮ್ಯಾಂಡೊಲಿನ್‌ಗಳಲ್ಲಿ ತಪ್ಪು ನೆಕ್‌ನದಲ್ಲ. ಕಾರ್ಖಾನೆಯಿಂದ ಬಂದ ಅಗ್ಗದ ವಾದ್ಯದ ನಟ್‌ನಲ್ಲಿ ತಂತಿ ಕೂರುವ ಗೀರುಗಳನ್ನು ಸಾಕಷ್ಟು ಆಳಕ್ಕೆ ಕೊರೆದಿರುವುದಿಲ್ಲ. ತಂತಿ ಎತ್ತರದಲ್ಲಿರುತ್ತದೆ, ಮೊದಲ ಫ್ರೆಟ್‌ನಲ್ಲಿ ಒತ್ತಲು ಜೀವ ಹೋಗುತ್ತದೆ, ಒತ್ತಿದರೂ ಶ್ರುತಿ ಏರುತ್ತದೆ. ಪರೀಕ್ಷೆ ಸುಲಭ: ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ತಂತಿಯನ್ನು ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ತಂತಿ ಎಷ್ಟು ಮೇಲಿದೆ ನೋಡಿ. ಕೂದಲೆಳೆ ಅಂತರವಿದ್ದರೆ ಸರಿ. ಚೀಟಿ ತೂರಿಸುವಷ್ಟು ಧಾರಾಳವಾಗಿದ್ದರೆ ಅರದಿಂದ ಸ್ವಲ್ಪ ಉಜ್ಜಿಸಬೇಕು. 12ನೇ ಫ್ರೆಟ್ ಬಳಿ ತಂತಿಯ ಎತ್ತರ ಒಂದೂವರೆಯಿಂದ ಎರಡು ಮಿ.ಮೀ. ಒಳಗಿದ್ದರೆ ಕೈಗೆ ಹಿತ. ಇಷ್ಟನ್ನು ಸರಿಪಡಿಸಿದ ಮೇಲೂ ಕೈ ಒಪ್ಪದಿದ್ದರೆ ಆಗ ನೆಕ್ಕನ್ನು ಬೈಯಿರಿ.

ನೆಕ್‌ನೊಳಗೆ ಉಕ್ಕಿನ ಸರಳೊಂದು ಅಡಗಿರುತ್ತದೆ. ಅದರ ಕಲ್ಪನೆ ಗಿಬ್ಸನ್‌ನ ಥಡಿಯಸ್ ಮೆಕ್‌ಹ್ಯೂ ಎಂಬಾತನದು, ಪೇಟೆಂಟ್ 1923. ಸರಳು ಬಂದದ್ದರಿಂದ ನೆಕ್ಕನ್ನು ಸಪೂರ ಮಾಡುವ ಧೈರ್ಯ ಬಂತು. ಅದಕ್ಕೆ ಮೊದಲು 80 ಕಿಲೋ ತಡೆಯಲು ಮರವೇ ದಪ್ಪಗಿರಬೇಕಿತ್ತು. ಸರಳಿನ ತಿರುಪು ನೆಕ್‌ನ ಬಾಗು ತಿದ್ದಲಿಕ್ಕೆ. ತಂತಿ ತಗ್ಗಿಸಲೆಂದು ಅದನ್ನು ತಿರುವಿ ಕೆಡಿಸಿಕೊಂಡವರೂ ಇದ್ದಾರೆ.

ತಂತಿ ತಗ್ಗಿಸಬೇಕಾದದ್ದು ಕುದುರೆಯಲ್ಲಿ. ಮ್ಯಾಂಡೊಲಿನ್‌ನ ಕುದುರೆಗೆ ಅಂಟಿಲ್ಲ, ತಂತಿಯ ಭಾರಕ್ಕೇ ನಿಂತಿರುತ್ತದೆ. ಎಂಟೂ ತಂತಿಯನ್ನು ಒಟ್ಟಿಗೆ ಬಿಚ್ಚಿದಿರೋ, ಕುದುರೆ ಕೈಗೆ ಬಂತು. ಅದು ಚೂರು ಜರುಗಿದ್ದರೂ ಇಡೀ ವಾದ್ಯ ಅಪಸ್ವರ. 12ನೇ ಫ್ರೆಟ್ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದ ಸ್ವರವೂ, ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದೇ ಆಗಿದ್ದರೆ ಕುದುರೆ ತನ್ನ ಜಾಗದಲ್ಲಿದೆ ಎಂದರ್ಥ. ‘ಇದರ ಶ್ರುತಿಯೇ ಸರಿಯಿಲ್ಲ, ಅರ್ಧ ಬೆಲೆಗೆ ಕೊಡುತ್ತೇನೆ’ ಎನ್ನುವವರ ಹಳೆಯ ವಾದ್ಯ ಸಿಕ್ಕರೆ ಇದನ್ನೊಮ್ಮೆ ನೋಡಿ, ಬಾಯಿ ಬಿಡಬೇಡಿ.

ಅಂಗೈ ಬೆವರುವವರಿಗೊಂದು ಮಾತು. ನೆಕ್‌ನ ಬೆನ್ನಿಗೆ ಹೊಳೆಯುವ ವಾರ್ನಿಷ್ ಇದ್ದರೆ ಬೆವರಿಗೆ ಅಂಟಂಟಾಗಿ ಕೈ ಸರಿಯುವುದಿಲ್ಲ. ಮಂಗಳೂರಿನ ಮೇ ತಿಂಗಳಲ್ಲಿ ನುಡಿಸಿದವರನ್ನು ಕೇಳಿ. ಅದಕ್ಕೆಂದೇ ಕೆಲವರು ನೆಕ್‌ನ ಬಣ್ಣವನ್ನು ಹೆಬ್ಬೆರಳು ಓಡಾಡುವಷ್ಟು ಭಾಗಕ್ಕೆ ಉಜ್ಜಿ ತೆಗೆಸಿ ಬರೀ ಮರ ಉಳಿಸಿಕೊಳ್ಳುತ್ತಾರೆ. ಕಣ್ಣಿಗೆ ಬೋಳು, ಕೈಗೆ ರೇಷ್ಮೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಮುಖ ಉಬ್ಬುತ್ತದೆ, ಅದರೊಂದಿಗೆ ಕುದುರೆ, ಕುದುರೆಯೊಂದಿಗೆ ತಂತಿ ಮೇಲೇಳುತ್ತದೆ. ಜನವರಿಯಲ್ಲಿ ಬೆಣ್ಣೆಯಂತಿದ್ದ ನೆಕ್ ಜುಲೈಯಲ್ಲಿ ಹಟಮಾರಿಯಾಗುವುದು ಹೀಗೆ.

ನಾದಕ್ಕೂ ಕೈಗೂ ನಡುವಿನ ಈ ಜಗಳವನ್ನು ನಮ್ಮ ದಕ್ಷಿಣದಲ್ಲಿ ಒಬ್ಬ ಹುಡುಗ ಬಗೆಹರಿಸಿದ ಬಗೆ ಬೇರೆ. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಅಪ್ಪನ ಮ್ಯಾಂಡೊಲಿನ್ ಎತ್ತಿಕೊಂಡಾಗ ಇನ್ನೂ ಪುಟ್ಟ ಬಾಲಕ. ಗುರು ರುದ್ರರಾಜು ಸುಬ್ಬರಾಜು, ಗಾಯಕ ಚೆಂಬೈ ಅವರ ಶಿಷ್ಯರು. ಅವರಿಗೆ ಮ್ಯಾಂಡೊಲಿನ್ ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕುತ್ತಿದ್ದ. ಹುಡುಕಿದ್ದು ಸಿಗದಂತೆ ಅಡ್ಡ ನಿಂತದ್ದು ವಾದ್ಯವೇ. ಗಮಕ ಬರಬೇಕಾದರೆ ತಂತಿಯನ್ನು ಎಳೆಯಬೇಕು. ಜೋಡಿ ತಂತಿ ಎಳೆದರೆ ಎರಡೂ ಒಂದೇ ಅಳತೆಯಲ್ಲಿ ಏರುವುದಿಲ್ಲ, ಸ್ವರ ಒಡೆಯುತ್ತದೆ. ಮೀಟಿದ ಸ್ವರ ತೋಡಿಯ ಗಾಂಧಾರ ತೂಗಿ ಮುಗಿಯುವ ಮೊದಲೇ ಸತ್ತುಹೋಗುತ್ತದೆ. ಬೇರೆಯವರಾಗಿದ್ದರೆ ವೀಣೆಗೆ ಹೋಗುತ್ತಿದ್ದರು. ಶ್ರೀನಿವಾಸ್ ಜೋಡಿಯನ್ನೇ ಕಿತ್ತುಹಾಕಿ, ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ ಐದು ಒಂಟಿ ತಂತಿ ಕಟ್ಟಿಕೊಂಡರು. ಸ್ವರ ನಿಂತಿತು, ತಂತಿ ಬಾಗಿತು. ಮ್ಯಾಂಡೊಲಿನ್ ಎಂದರೆ ಕೇಳುವ ಆ ಜೋಡಿ ತಂತಿಯ ಮಿನುಗು ಹೋಯಿತು, ಅದನ್ನು ಅವರು ಬಿಟ್ಟುಕೊಟ್ಟರು. 1978ರಲ್ಲಿ ಗುಡಿವಾಡದಲ್ಲಿ ಮೊದಲ ಕಚೇರಿ ಮಾಡಿದಾಗ ವಯಸ್ಸು ಒಂಬತ್ತು. 1998ರಲ್ಲಿ ಪದ್ಮಶ್ರೀ. 2014ರಲ್ಲಿ ತೀರಿಕೊಂಡಾಗ 45.

ಅವರಿಗಿಂತ ಮುಂಚೆ ಮ್ಯಾಂಡೊಲಿನ್‌ನಲ್ಲಿ ರಾಗ ಹಿಡಿದವರೊಬ್ಬರಿದ್ದರು, ಹಿಂದೂಸ್ತಾನಿ ಕಡೆಯವರು. ಮಧ್ಯಪ್ರದೇಶದ ಸೀತಾಮವು ಊರಿನ ಸಜ್ಜಾದ್ ಹುಸೇನ್. ‘ಸಂಗ್‌ದಿಲ್’, ‘ರುಸ್ತುಂ ಸೊಹ್ರಾಬ್’ ಚಿತ್ರಗಳ ಸಂಗೀತ ನಿರ್ದೇಶಕರೆಂದು ಹಿಂದಿ ಹಾಡಿನ ಹುಚ್ಚಿರುವ ಹಿರಿಯರಿಗೆ ಗೊತ್ತು.

ಎಂಟು ತಂತಿಯವರ ಪಾಡು ಬೇರೆ. ಜೋಡಿ ಜೋಡಿಯಾಗಿ ಹೊಂದಿಸುವುದರಲ್ಲೇ ಅರ್ಧ ಆಯುಷ್ಯ, ಹೊಂದದ ಶ್ರುತಿಯಲ್ಲಿ ನುಡಿಸುವುದರಲ್ಲಿ ಉಳಿದರ್ಧ ಎಂದು ಮ್ಯಾಂಡೊಲಿನ್‌ನವರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಎರಡರ ನಡುವೆ ಆಯ್ಕೆ ಮಾಡುವಾಗ ಬಿರಡೆಯನ್ನೂ ತಿರುಗಿಸಿ ನೋಡಿ. ಮೃದುವಾಗಿ ತಿರುಗಿ, ಬಿಟ್ಟಲ್ಲಿ ನಿಲ್ಲಬೇಕು.

ಕೊನೆಗೊಂದು, ಯಾರೂ ಹೇಳದ್ದು. ಅಂಗಡಿಗೆ ಹೊರಡುವ ಬೆಳಿಗ್ಗೆ ಎಡಗೈಯ ಉಗುರು ಕತ್ತರಿಸಿಕೊಳ್ಳಿ. ಉಗುರು ಬೆಳೆದಿದ್ದರೆ ಬೆರಳು ನೇರ ಇಳಿಯದೆ ಮಲಗುತ್ತದೆ, ಪಕ್ಕದ ಜೋಡಿ ಮೂಕವಾಗುತ್ತದೆ, ನೀವು ನೆಕ್ ಸಣ್ಣದಾಯಿತು ಎನ್ನುತ್ತೀರಿ. ನನ್ನ ತೆಳುಗಾತಿಯನ್ನು ಹೋದ ತಿಂಗಳು ಗೋಡೆಯಿಂದ ಇಳಿಸಿ ಪಕ್ಕದ ಮನೆಯ ಹನ್ನೊಂದರ ಹುಡುಗಿಗೆ ಕೊಟ್ಟೆ. ‘ಅಂಕಲ್, ಇದು ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ’ ಎಂದಳು.